ರೀಪರ್: ಮಿಕ್ಸ್‌ನಲ್ಲಿದ್ದ ಸದ್ದು ಫೈಲ್‌ನಲ್ಲಿ ಎಲ್ಲಿ ಹೋಯ್ತು? ವರ್ಷಗಟ್ಟಲೆ ಬಳಸಿದ ಮೇಲೆ ಬರೆದ ವಿಮರ್ಶೆ

"ಮಿಕ್ಸ್ ಮಾಡುವಾಗ ಭರ್ಜರಿಯಾಗಿ ಕೇಳಿಸ್ತಿತ್ತು, ಎಕ್ಸ್‌ಪೋರ್ಟ್ ಮಾಡಿದ ಮೇಲೆ ಜೀವವೇ ಇಲ್ಲ." ಕಂಪ್ಯೂಟರಿನಲ್ಲಿ ಹಾಡು ಮಿಕ್ಸ್ ಮಾಡುವ ಯಾರನ್ನು ಕೇಳಿದರೂ ಈ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಬೈಸಿಕೊಳ್ಳುವುದು ಯಾವಾಗಲೂ ಸಾಫ್ಟ್‌ವೇರೇ. ಹಾಡು ರೆಕಾರ್ಡ್ ಮಾಡಿ ಮಿಕ್ಸ್ ಮಾಡುವ ಸಾಫ್ಟ್‌ವೇರ್ ರೀಪರ್ ಅನ್ನು ವರ್ಷಗಳಿಂದ ಬಳಸುತ್ತಿದ್ದೇನೆ, ಗೆಳೆಯರ ಪ್ರಾಜೆಕ್ಟ್‌ಗಳನ್ನೂ ತೆರೆದು ನೋಡಿದ್ದೇನೆ. ನನಗೆ ಕಂಡ ಮಟ್ಟಿಗೆ ಫೈಲ್ ಸರಿಯಾಗೇ ಇರುತ್ತದೆ. ನಾವು ಅದನ್ನು ಕೇಳುವ ದಾರಿ ಬೇರೆಯಾಗಿರುತ್ತದೆ, ಅಷ್ಟೇ. ಇದನ್ನು ಊಹೆಯ ಮೇಲೆ ಬಿಡದೆ ಅಂಕಿಯಲ್ಲಿ ತೋರಿಸುತ್ತದೆ ಎನ್ನುವುದೇ ನಾನು ರೀಪರ್ ಬಿಡದಿರಲು ದೊಡ್ಡ ಕಾರಣ. ರೆಕಾರ್ಡಿಂಗ್, ಎಡಿಟಿಂಗ್ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಬೇರೆ ವಿಮರ್ಶೆಗಳು ಬೇಕಾದಷ್ಟಿವೆ.

ರೆಂಡರ್ (ರೀಪರ್‌ನಲ್ಲಿ ಎಕ್ಸ್‌ಪೋರ್ಟ್‌ಗೆ ಇದೇ ಹೆಸರು) ಮುಗಿದ ಕೂಡಲೇ ಅದೇ ಕಿಟಕಿಯಲ್ಲಿ ಪೀಕ್ (ಸದ್ದಿನ ಅತಿ ಎತ್ತರದ ಬಿಂದು) ಎಷ್ಟು, ಎಲ್ಲಾದರೂ ಕ್ಲಿಪ್ ಆಗಿದೆಯಾ (ಮಿತಿ ಮೀರಿ ಒಡೆದಿದೆಯಾ), ಇಡೀ ಹಾಡಿನ ಲೌಡ್‌ನೆಸ್ ಎಷ್ಟು ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಅನ್ನುವುದೆಲ್ಲ ಬಂದುಬಿಡುತ್ತದೆ. ಫೈಲ್ ಬರೆಯದೇ ಲೆಕ್ಕ ಮಾತ್ರ ಬೇಕಿದ್ದರೆ 'ಡ್ರೈ ರನ್' ಬಟನ್ ಇದೆ. ಮಾಸ್ಟರ್‌ನಲ್ಲಿ (ಎಲ್ಲ ಟ್ರ್ಯಾಕ್‌ಗಳೂ ಕೊನೆಗೆ ಸೇರುವ ಜಾಗ) ಹಾಕಿದ ಮೀಟರ್ ಇಡೀ ಹಾಡಿಗೆ -15 ತೋರಿಸಿ, ರೆಂಡರ್ ಲೆಕ್ಕವೂ -15 ಬಂದರೆ ಫೈಲ್ ಮೇಲಿನ ಅನುಮಾನ ಅಲ್ಲಿಗೆ ಬಿಡಬಹುದು. ಆದರೆ ಇಡೀ ಹಾಡು ಅಂದರೆ ಇಡೀ ಹಾಡು. ಪಲ್ಲವಿಯ ಜೋರು ಭಾಗ ಮಾತ್ರ ನುಡಿಸಿ ಮೀಟರ್ ನೋಡಿ, ಅದನ್ನು ಪೂರ್ತಿ ಫೈಲ್‌ನ ಅಂಕಿಯ ಪಕ್ಕ ಇಟ್ಟರೆ ಎರಡು ಮೂರು ಡೆಸಿಬೆಲ್ ವ್ಯತ್ಯಾಸ ಸುಮ್ನೆ ಹುಟ್ಟಿಕೊಳ್ಳುತ್ತದೆ.

ಅಂಕಿ ಒಂದೇ ಇದ್ದೂ ಕಿವಿಗೆ ಕಮ್ಮಿ ಅನ್ನಿಸಿದರೆ ಪ್ಲೇಯರ್ ಕಡೆ ತಿರುಗಬೇಕು. ವಿಂಡೋಸ್‌ನಲ್ಲಿ ರೀಪರ್ ಸಾಮಾನ್ಯವಾಗಿ ಎಎಸ್‌ಐಓ ಡ್ರೈವರ್ ಮೂಲಕ, ವಿಂಡೋಸ್‌ನ ವಾಲ್ಯೂಮ್ ಮುಟ್ಟದೇ, ನೇರ ಆಡಿಯೋ ಇಂಟರ್‌ಫೇಸ್‌ಗೆ (ಸ್ಪೀಕರ್ ಜೋಡಿಸುವ ಸೌಂಡ್ ಪೆಟ್ಟಿಗೆ) ಹೋಗುತ್ತದೆ. ಪ್ಲೇಯರ್ ಮಾತ್ರ ಸಿಸ್ಟಮ್ ವಾಲ್ಯೂಮ್ ದಾಟಿಕೊಂಡೇ ಬರಬೇಕು. ಆ ಸ್ಲೈಡರ್ ಅರ್ಧಕ್ಕಿದ್ದರೆ ಫೈಲ್ ಏನು ಮಾಡೀತು? ಪ್ಲೇಯರ್‌ನಲ್ಲಿ ರೀಪ್ಲೇಗೇನ್, ಆಪಲ್‌ನಲ್ಲಿ ಸೌಂಡ್ ಚೆಕ್, ವಿಂಡೋಸ್‌ನ ಲೌಡ್‌ನೆಸ್ ಈಕ್ವಲೈಸೇಶನ್, ಇವೆಲ್ಲ ಆನ್ ಆಗಿದ್ದರೆ ನಮ್ಮನ್ನು ಕೇಳದೇ ಸದ್ದು ಏರಿಳಿಸುತ್ತವೆ. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹಾಡುಗಳನ್ನು -14 ಎಲ್‌ಯುಎಫ್‌ಎಸ್ ಆಸುಪಾಸಿಗೆ ತರುತ್ತದೆ. -8ಕ್ಕೆ ಒತ್ತಿ ಕಳಿಸಿದ ಹಾಡು ಅಲ್ಲಿ 6 ಡೆಸಿಬೆಲ್ ಕೆಳಗಿಳಿಯುತ್ತದೆ. ಅದಕ್ಕೂ ನಿಮ್ಮ ರೆಂಡರ್‌ಗೂ ಸಂಬಂಧವಿಲ್ಲ.

ಇನ್ನೊಂದು ಜಾಗ 'ಮಾನಿಟರಿಂಗ್ ಎಫ್‌ಎಕ್ಸ್'. ಇಲ್ಲಿ ಹಾಕಿದ ಪ್ಲಗಿನ್ ನಿಮ್ಮ ಕಿವಿಗೆ ಮಾತ್ರ, ಫೈಲ್‌ಗೆ ಹೋಗುವುದಿಲ್ಲ. ಹೆಡ್‌ಫೋನ್ ಕರೆಕ್ಷನ್ (ಹೆಡ್‌ಫೋನ್‌ನ ಏರುಪೇರು ಸರಿದೂಗಿಸುವ ಪ್ಲಗಿನ್) ಹಾಕಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ಎಂದೋ ಒಂದು ಲಿಮಿಟರ್ (ಪೀಕ್‌ಗಳನ್ನು ತಡೆದು ಸದ್ದನ್ನು ಒತ್ತಿ ಜೋರು ಮಾಡುವ ಪ್ಲಗಿನ್) ಹಾಕಿ ಮರೆತರೆ ಅದು ಎಲ್ಲ ಪ್ರಾಜೆಕ್ಟ್‌ಗಳಲ್ಲೂ ಕೂತಿರುತ್ತದೆ. ಯಾವ ಹಾಡು ತೆರೆದರೂ ಜೋರು, ಯಾವುದನ್ನು ರೆಂಡರ್ ಮಾಡಿದರೂ ಸಪ್ಪೆ! ಎಲ್ಲ ಹಾಡಿಗೂ ಒಂದೇ ದೂರು ಇದ್ದರೆ ಮೊದಲು ಇಲ್ಲಿ ಇಣುಕಿ.

ಈಗ ಜಾಸ್ತಿ ಜನ ಬೀಳುವ ಗುಂಡಿಗೆ ಬರೋಣ. ರೆಂಡರ್ ಆದ ಫೈಲ್ ಅನ್ನು ಅದೇ ಪ್ರಾಜೆಕ್ಟ್‌ಗೆ ಹೊಸ ಟ್ರ್ಯಾಕ್ ಆಗಿ ಎಳೆದು ತಂದು, ಮಿಕ್ಸ್ ಜೊತೆ ಹೋಲಿಸುತ್ತಾರೆ. ಮಾಸ್ಟರ್ ಫೇಡರ್ (ಸದ್ದಿನ ಸ್ಲೈಡರ್) -6 ಡೆಸಿಬೆಲ್‌ನಲ್ಲಿದೆ ಅಂದುಕೊಳ್ಳಿ. ಫೈಲ್ ಆ 6 ಡೆಸಿಬೆಲ್ ಕಳೆದುಕೊಂಡೇ ಹುಟ್ಟಿದೆ. ಈಗ ಮತ್ತೆ ಅದೇ ಮಾಸ್ಟರ್ ದಾಟುವಾಗ ಇನ್ನೊಂದು 6 ಹೋಗುತ್ತದೆ. ಪರದೆಯ ಮೇಲೆ ಎಲ್ಲ ಸರಿಯಾಗೇ ಕಾಣುತ್ತದೆ, ಸದ್ದು ಮಾತ್ರ ಕಮ್ಮಿ. ಮಾಸ್ಟರ್‌ನಲ್ಲಿ ಲಿಮಿಟರ್ ಇದ್ದು ಗೇನ್ ಏರಿಸಿದ್ದರೆ ಉಲ್ಟಾ: ಫೈಲ್ ಇನ್ನೂ ಒತ್ತಿಕೊಂಡು, ಮಿಕ್ಸ್‌ಗಿಂತ ಜೋರಾಗಿ ಕೇಳಿಸುತ್ತದೆ. ಇದಕ್ಕೆ ನಾನು ಮಾಡುವುದಿಷ್ಟು. ಎಲ್ಲ ಟ್ರ್ಯಾಕ್‌ಗಳನ್ನೂ ಒಂದು ಫೋಲ್ಡರ್ ಟ್ರ್ಯಾಕ್ ಒಳಗೆ ಸೇರಿಸಿ, ಲಿಮಿಟರ್ ಸಮೇತ ಎಲ್ಲ ಪ್ಲಗಿನ್ ಅದರ ಮೇಲೇ ಹಾಕುತ್ತೇನೆ. ಮಾಸ್ಟರ್ ಖಾಲಿ, ಫೇಡರ್ 0 ಡೆಸಿಬೆಲ್‌ನಲ್ಲಿ (ಸದ್ದು ಏರದು, ಇಳಿಯದು). ಆಮೇಲೆ ತಂದ ಫೈಲ್ ಫೋಲ್ಡರ್‌ನ ಹೊರಗಿರುತ್ತದೆ, ಹೋಲಿಕೆ ನ್ಯಾಯವಾಗಿರುತ್ತದೆ.

ಹೀಗೆ ಜೋಡಿಸಿಕೊಂಡರೆ ನಲ್ ಟೆಸ್ಟ್ (ಒಂದು ಸದ್ದನ್ನು ಇನ್ನೊಂದರಿಂದ ಕಳೆದು ನೋಡುವ ಪರೀಕ್ಷೆ) ಕೂಡ ಸುಲಭ. ರೆಂಡರ್ ಕಿಟಕಿಯಲ್ಲೇ, ಆದ ಫೈಲ್ ಅನ್ನು ಹೊಸ ಟ್ರ್ಯಾಕ್‌ನಲ್ಲಿ ತಂದಿಡುವ ಆಯ್ಕೆ ಇದೆ. ಆ ಟ್ರ್ಯಾಕ್‌ನ ಅಲೆಯನ್ನು ತಲೆಕೆಳಗು ಮಾಡುವ ಫೇಸ್ ಬಟನ್ ಒತ್ತಿ, ಮಿಕ್ಸ್ ಜೊತೆಗೇ ನುಡಿಸಿ. ಎರಡೂ ಒಂದೇ ಆಗಿದ್ದರೆ ಪರಸ್ಪರ ಕಳೆದುಹೋಗಿ ಮೀಟರ್ ಸತ್ತು ಬೀಳುತ್ತದೆ. ಬರೀ 1 ಡೆಸಿಬೆಲ್ ವ್ಯತ್ಯಾಸ ಇದ್ದರೂ ಹಾಡಿಗಿಂತ ಸುಮಾರು 19 ಡೆಸಿಬೆಲ್ ಕೆಳಗೆ ಸಣ್ಣಗೆ ಅದೇ ಹಾಡು ಉಳಿದು ಕೇಳುತ್ತದೆ. ಕೋರಸ್ ಎಫೆಕ್ಟ್, ಪ್ರತಿ ಸಲ ಬೇರೆ ಥರ ನುಡಿಯುವ ಸಿಂಥ್ ಇದ್ದರೆ ಆ ವಾದ್ಯ ಮಾತ್ರ ಉಳಿಯುತ್ತದೆ. ಅದಕ್ಕೆ ಗಾಬರಿ ಬೇಡ. ಈ ಪರೀಕ್ಷೆಗೆ ವೇವ್ ಫೈಲೇ ಬೇಕು. ಎಂಪಿ3ಯ ಶುರುವಿನಲ್ಲಿ ಸ್ವಲ್ಪ ಖಾಲಿ ಜಾಗ ಸೇರಿಕೊಂಡು ಸಾಲು ತಪ್ಪಬಹುದು, ತಪ್ಪದಿದ್ದರೂ ಕುಗ್ಗಿಸಿದ ಸದ್ದು ಪೂರ್ತಿ ಕಳೆದುಹೋಗುವುದಿಲ್ಲ.

ನಿಜವಾಗಿಯೂ ಫೈಲೇ ಬೇರೆ ಆಗುವ ಸಂದರ್ಭಗಳೂ ಇವೆ. ಅವು ಹೆಚ್ಚಾಗಿ ರೆಂಡರ್ ಕಿಟಕಿಯಲ್ಲೇ ಸಿಗುತ್ತವೆ. ಚಾನೆಲ್ ಮೋನೋಗೆ ಇಟ್ಟಿದ್ದರೆ ಪೂರ್ತಿ ಒಂದು ಪಕ್ಕಕ್ಕೆ ಇಟ್ಟ ಗಿಟಾರ್ ಕುಗ್ಗುತ್ತದೆ. ಎಡಬಲ ಉಲ್ಟಾ ಫೇಸ್‌ನಲ್ಲಿದ್ದ ಅಗಲದ ಸದ್ದು ಮಾಯವೇ ಆಗುತ್ತದೆ. ಒಂದೇ ಟ್ರ್ಯಾಕ್ ಕೇಳಲು ಸೋಲೋ ಒತ್ತಿದ್ದು ಹಾಗೇ ಉಳಿದಿರಬಹುದು. ಸದ್ದನ್ನು ಒಂದು ನಿಗದಿತ ಮಟ್ಟಕ್ಕೆ ತರುವ 'ನಾರ್ಮಲೈಸ್' ಟಿಕ್ ಹಿಂದಿನ ರೆಂಡರ್‌ನಿಂದ ಉಳಿದಿರಬಹುದು. ಈ ಸೆಟ್ಟಿಂಗ್‌ಗಳು ಪ್ರಾಜೆಕ್ಟ್ ಜೊತೆಗೇ ಸೇವ್ ಆಗುತ್ತವೆ, ಹಾಗಾಗಿ ಬೇರೆಯವರು ಕಳಿಸಿದ ಪ್ರಾಜೆಕ್ಟ್‌ನಲ್ಲಿ ಕಣ್ಣಿಟ್ಟು ನೋಡಬೇಕು. ಬೇರೆ ಸಾಫ್ಟ್‌ವೇರ್‌ನಿಂದ ಬಂದ ಮಿಕ್ಸ್ ಆದರೆ ಪ್ಯಾನ್ ಲಾ (ಎಡ, ಮಧ್ಯ, ಬಲಕ್ಕೆ ಇಟ್ಟಾಗ ಸದ್ದು ಎಷ್ಟಿರಬೇಕೆಂಬ ನಿಯಮ) ಕೂಡ ನೋಡಬೇಕು. ಮಧ್ಯದಲ್ಲಿರುವ ಟ್ರ್ಯಾಕ್ ಅನ್ನು ಒಂದು ಸಾಫ್ಟ್‌ವೇರ್ 3 ಡೆಸಿಬೆಲ್ ಇಳಿಸಿದರೆ ಇನ್ನೊಂದು ಇಳಿಸುವುದಿಲ್ಲ.

ಕೊರತೆ ಅಂದರೆ ಆ ಕಿಟಕಿಯ ಮುಖವೇ. ಮೊದಲ ಸಲ ನೋಡಿದವರಿಗೆ ಯಾವ ಡಬ್ಬಿ ಏನು ಅಂತ ಗೊತ್ತಾಗುವುದಿಲ್ಲ, ಸೋರ್ಸ್ ಜಾಗದಲ್ಲಿ 'ಮಾಸ್ಟರ್ ಮಿಕ್ಸ್' ಇದೆಯಾ ಅಂತ ನೋಡುವುದೂ ತಪ್ಪಿಹೋಗುತ್ತದೆ. ಒಮ್ಮೆ ಸರಿಯಾಗಿ ಹೊಂದಿಸಿ ಪ್ರಿಸೆಟ್ ಆಗಿ ಉಳಿಸಿಕೊಂಡರೆ ಮತ್ತೆ ತಲೆನೋವಿಲ್ಲ. ನನ್ನ ಪ್ರಿಸೆಟ್: ಮಾಸ್ಟರ್ ಮಿಕ್ಸ್, ಸ್ಟೀರಿಯೋ, 24 ಬಿಟ್ ವೇವ್, ನಾರ್ಮಲೈಸ್ ಆಫ್. ಟ್ರೂ ಪೀಕ್ (ಅಳೆದ ಬಿಂದುಗಳ ನಡುವೆ ಏಳುವ ಎತ್ತರವನ್ನೂ ಸೇರಿಸಿದ ಪೀಕ್) -1 ಡೆಸಿಬೆಲ್ ದಾಟದಂತೆ ಲಿಮಿಟರ್‌ನಲ್ಲೇ ಕಟ್ಟಿ ಹಾಕುತ್ತೇನೆ, ಯಾಕಂದ್ರೆ ಆಮೇಲೆ ಎಂಪಿ3 ಮಾಡುವಾಗ ಪೀಕ್‌ಗಳು ಸ್ವಲ್ಪ ಮೇಲೇಳುತ್ತವೆ.

60 ದಿನ ಪೂರ್ತಿ ಸೌಲಭ್ಯಗಳೊಂದಿಗೆ ಬಳಸಿ ನೋಡಬಹುದು. ಈ ಒಂದು ತೊಂದರೆಗೋಸ್ಕರ ಈಗಿರುವ ಸಾಫ್ಟ್‌ವೇರ್ ಬಿಟ್ಟು ಬನ್ನಿ ಅಂತ ಹೇಳಲಾರೆ. ಖಾಲಿ ಮಾಸ್ಟರ್, ಫೇಸ್ ಬಟನ್, ಒಂದು ಲೌಡ್‌ನೆಸ್ ಮೀಟರ್ ಇದ್ದರೆ ಇದೇ ಪರೀಕ್ಷೆ ಅಲ್ಲೂ ನಡೆಯುತ್ತದೆ. ರೀಪರ್‌ನಲ್ಲಿ ಬೇಗ ಮುಗಿಯುತ್ತದೆ, ಅಷ್ಟೇ.