ಬೇಲೂರು–ಹಳೇಬೀಡು ನೋಡಲು ಹಿರಿಯರ ಗುಂಪು ಎಲ್ಲಿ ಇಳಿದುಕೊಳ್ಳಬೇಕು? ಮೂರು ಬಗೆಯ ಪ್ರವಾಸಗಳ ಹೋಲಿಕೆ

ಅರವತ್ತು ದಾಟಿದ ಹತ್ತು ಹನ್ನೆರಡು ಮಂದಿ. ಅರ್ಧದಷ್ಟು ಜನಕ್ಕೆ ಮಂಡಿನೋವು, ಕೆಲವರಿಗೆ ಸಕ್ಕರೆ ಕಾಯಿಲೆ, ಎಲ್ಲರಿಗೂ ಶಿಲ್ಪ, ಶಾಸನಗಳ ಹುಚ್ಚು. ಇಂಥ ಗುಂಪಿಗೆ ಹೊಯ್ಸಳರ ಗುಡಿಗಳನ್ನು ತೋರಿಸಲು ಸಾಮಾನ್ಯವಾಗಿ ಮೂರು ದಾರಿ ಸಿಗುತ್ತವೆ. ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿಬರುವ ಬಸ್ ಟೂರ್ ಒಂದು, ಹಾಸನದಲ್ಲಿ ಮೂರು ರಾತ್ರಿ ತಂಗುವುದು ಇನ್ನೊಂದು, ಚಿಕ್ಕಮಗಳೂರಿನಲ್ಲಿ ತಂಗುವುದು ಮತ್ತೊಂದು. ಮೂರನ್ನೂ ಹಿರಿಯರ ಗುಂಪುಗಳೊಂದಿಗೇ ಮಾಡಿ ನೋಡಿದ ಮೇಲೆ ನಮ್ಮ ಒಲವು ಹಾಸನದ ಕಡೆಗಿದೆ. ಹಾಸನ ಚೆಂದದ ಊರು ಎಂಬ ಕಾರಣಕ್ಕಲ್ಲ. ಅಲ್ಲಿದ್ದರೆ ಮಾತ್ರ ಹೊತ್ತು ನಮ್ಮ ಕೈಯಲ್ಲಿರುತ್ತದೆ.

ಹೊತ್ತಿನ ಲೆಕ್ಕ ಹೀಗಿದೆ. ಬೇಲೂರು ಪೂಜೆ ನಡೆಯುವ ಗುಡಿ, ಮಧ್ಯಾಹ್ನ ಒಂದರ ಸುಮಾರಿಗೆ ಗರ್ಭಗುಡಿಯ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಮೂರರ ಹೊತ್ತಿಗೆ. ಎರಡೂ ಊರುಗಳಲ್ಲಿ ಕಲ್ಲುಹಾಸು ಹನ್ನೊಂದೂವರೆಯಿಂದ ಮೂರೂವರೆಯವರೆಗೆ ಬರಿಗಾಲಿಗೆ ಸುಡುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿ ಪೂರ್ವಕ್ಕೆ ಮುಖಮಾಡಿದೆ, ಆದರೆ ದೊಡ್ಡ ದೊಡ್ಡ ಮೂರ್ತಿಗಳ ಸಾಲು ಇರುವುದು ಹಿಂದಿನ ಪಶ್ಚಿಮ ಗೋಡೆಯಲ್ಲಿ. ಅಲ್ಲಿಗೆ ಬಿಸಿಲು ಬರುವುದು ಮಧ್ಯಾಹ್ನದ ಮೇಲೆ. ಅಲ್ಲಿನ ಪುರಾತತ್ವ ಮ್ಯೂಸಿಯಂ ಸಂಜೆ 5ಕ್ಕೆ ಮುಚ್ಚುತ್ತದೆ, ಶುಕ್ರವಾರ ರಜೆ. ಇಷ್ಟನ್ನೂ ಗೌರವಿಸಿದರೆ ಉಳಿಯುವ ಕ್ರಮ ಒಂದೇ: ಬೆಳಗ್ಗೆ ಬೇಲೂರು, ಮಧ್ಯಾಹ್ನ ಊಟ ಮತ್ತು ಮಲಗು, ಮೂರರ ಮೇಲೆ ಹಳೇಬೀಡು. ಯಾವ ಪ್ಯಾಕೇಜ್ ಈ ಕ್ರಮಕ್ಕೆ ಅವಕಾಶ ಕೊಡುತ್ತದೆ, ಯಾವುದು ಕೊಡುವುದಿಲ್ಲ ಎಂಬುದೇ ನಿಜವಾದ ಹೋಲಿಕೆ.

ಒಂದು ದಿನದ ಬಸ್ ಟೂರ್

ಬೆಳಗ್ಗೆ ಆರೂವರೆಗೆ ಬೆಂಗಳೂರು ಬಿಟ್ಟು ತಿಂಡಿಗೆ ನಿಲ್ಲಿಸಿದರೆ ಶ್ರವಣಬೆಳಗೊಳ ತಲುಪುವಾಗ ಹತ್ತು ಗಂಟೆ. ಗೊಮ್ಮಟ ನಿಂತಿರುವ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಿ ಇಳಿಯುವಷ್ಟರಲ್ಲಿ ಬಂಡೆ ಕಾದಿರುತ್ತದೆ. ಊಟ ಮುಗಿಸಿ ಬೇಲೂರಿಗೆ ಬಂದರೆ ನಾಲ್ಕು ಗಂಟೆಯ ಸುಮಾರು, ಹಳೇಬೀಡಿಗೆ ಐದು ದಾಟಿರುತ್ತದೆ, ಮ್ಯೂಸಿಯಂ ತಪ್ಪಿತು. ವಾಪಸ್ ಮನೆ ಸೇರುವಾಗ ರಾತ್ರಿ ಹನ್ನೊಂದು. ಓಡಾಟ ಸುಮಾರು 450 ಕಿ.ಮೀ., ಸೀಟಿನಲ್ಲಿ ಕೂತದ್ದು ಒಂಬತ್ತು ಹತ್ತು ಗಂಟೆ, ಎರಡೂ ಗುಡಿ ಸೇರಿ ಶಿಲ್ಪದ ಮುಂದೆ ಸಿಕ್ಕಿದ್ದು ಎರಡು ಗಂಟೆ ಇದ್ದರೆ ಹೆಚ್ಚು. ಕೆಲವರು ಬೇಲೂರಿನಿಂದ ಶುರುಮಾಡಿ ಬೆಳಗೊಳವನ್ನು ಸಂಜೆಗೆ ಇಡುತ್ತಾರೆ. ಕಲ್ಲು ಆಗ ತಣ್ಣಗಿರುತ್ತದೆ ನಿಜ, ಆದರೆ ದಣಿದ ಕಾಲಲ್ಲಿ ಬೆಟ್ಟ ಹತ್ತಬೇಕು, ಮೇಲಿನ ಬಾಗಿಲು ಮುಚ್ಚುವ ಗಡಿಬಿಡಿ ಬೇರೆ.

ದರ್ಶನವೇ ಮುಖ್ಯ, ಕಾಲು ಗಟ್ಟಿಯಿದೆ ಎನ್ನುವವರಿಗೆ ಇದು ಅಗ್ಗ, ಸಲೀಸು. ಶಿಲ್ಪ ನೋಡಲು ಹೊರಟ ಹಿರಿಯರಿಗೆ ಬೇಡ. ಪಾದ ಊದಿಕೊಳ್ಳುವುದು, ಮೂತ್ರಕ್ಕೆ ಹೋಗಬೇಕಾದೀತು ಎಂದು ನೀರೇ ಕುಡಿಯದೆ ತಲೆ ಸುತ್ತುವುದು, ಈ ಎರಡು ತೊಂದರೆ ಇಂಥ ಬಸ್ಸುಗಳಲ್ಲಿ ಮಾಮೂಲಿ.

ಹಾಸನದಲ್ಲಿ ತಂಗಿದರೆ

ಬೆಂಗಳೂರಿನಿಂದಲೇ ಗಾಡಿ ಮಾಡಿಕೊಂಡು ಬರುವುದಕ್ಕಿಂತ ಹಾಸನದವರೆಗೆ ರೈಲು ಮೇಲು. ಕುಣಿಗಲ್ ಮಾರ್ಗ 2017ರಲ್ಲಿ ತೆರೆದ ಮೇಲೆ ಪ್ರಯಾಣ ಹಗುರಾಗಿದೆ. ಎದ್ದು ನಾಲ್ಕು ಹೆಜ್ಜೆ ಹಾಕಬಹುದು, ಶೌಚಾಲಯ ಬೋಗಿಯಲ್ಲೇ ಇದೆ. ಖರ್ಚಿನಲ್ಲೂ ವ್ಯತ್ಯಾಸವಿದೆ. ಹೊರಊರಿನ ಟೆಂಪೊ ಟ್ರಾವೆಲರ್‌ನವರು ಸಾಮಾನ್ಯವಾಗಿ ದಿನಕ್ಕೆ 250 ಅಥವಾ 300 ಕಿ.ಮೀ. ಕನಿಷ್ಠ ಲೆಕ್ಕ ಹಿಡಿಯುತ್ತಾರೆ, ಮೇಲೆ ಡ್ರೈವರ್ ಬಾಟಾ. ಹಾಸನ–ಬೇಲೂರು–ಹಳೇಬೀಡು–ಹಾಸನ ಸುತ್ತು 90 ಕಿ.ಮೀ. ಒಳಗೇ ಮುಗಿಯುತ್ತದೆ. ಓಡದ ಕಿಲೋಮೀಟರಿಗೂ ದುಡ್ಡು ಕೊಡುವುದಕ್ಕಿಂತ ಹಾಸನದಲ್ಲೇ ದಿನದ ಬಾಡಿಗೆಗೆ ಗಾಡಿ ಹಿಡಿಯುವುದು ಜಾಣತನ.

ಇಲ್ಲಿಂದ ಗುಡಿಗಳನ್ನು ಕಟ್ಟಿದ ಕಾಲದ ಕ್ರಮದಲ್ಲೇ ನೋಡಬಹುದು. ಕಲೆಯಲ್ಲಿ ಆಸಕ್ತಿ ಇರುವವರಿಗೆ ಇದಕ್ಕಿಂತ ದೊಡ್ಡ ಲಾಭ ಇಲ್ಲ. ಬಂದ ದಿನ ಸಂಜೆ ನಾಲ್ಕಕ್ಕೆ ದೊಡ್ಡಗದ್ದವಳ್ಳಿ. 1113ರ ಸುಮಾರಿನ ಲಕ್ಷ್ಮೀದೇವಿ ಗುಡಿ, ಕಲ್ಹಣ ರಾಹುತ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು. ನಾಲ್ಕು ಗರ್ಭಗುಡಿ, ಮೆಟ್ಟಿಲು ಮೆಟ್ಟಿಲಾಗಿ ಏರುವ ಕದಂಬ ಶೈಲಿಯ ಶಿಖರಗಳು, ಗುಡಿಯನ್ನು ಎತ್ತಿ ನಿಲ್ಲಿಸುವ ಕಟ್ಟೆ, ಅಂದರೆ ಜಗತಿ, ಇಲ್ಲ. ಗೋಡೆ ಬಹುಪಾಲು ಬೋಳು. ಹೊಯ್ಸಳ ಶೈಲಿ ಇನ್ನೂ ಅರಳುವ ಮುಂಚೆ ಹೇಗಿತ್ತು ಎಂದು ಇಲ್ಲಿ ಕಂಡುಕೊಂಡವರಿಗೆ ಮರುದಿನ ಬೇಲೂರಿನ ಮುಂದೆ ನಿಂತಾಗ ಏನು ಬದಲಾಯಿತು ಎಂದು ಯಾರೂ ಹೇಳಿಕೊಡಬೇಕಿಲ್ಲ. ನಡುವಿನ ಅಂತರ ನಾಲ್ಕೇ ವರ್ಷ: ಹೊಯ್ಸಳ ದೊರೆ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ.

ಬೇಲೂರಿಗೆ ಎಂಟು ಗಂಟೆಗೆ ತಲುಪಬೇಕು, ಅಂದರೆ ಹಾಸನವನ್ನು ಏಳಕ್ಕೆ ಮುಂಚೆ ಬಿಡಬೇಕು. ತಿಂಡಿ ಬೇಲೂರಲ್ಲೇ. ಚಪ್ಪಲಿಯನ್ನು ಮಹಾದ್ವಾರದ ಹೊರಗೇ ಬಿಡಬೇಕಾಗುತ್ತದೆ, ಅಂಗಳ ದೊಡ್ಡದು. ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಳ್ಳಲಿ, ಅಡಿಯಲ್ಲಿ ರಬ್ಬರ್ ಚುಕ್ಕಿ ಇರುವಂಥದ್ದು. ನಯವಾದ ನೈಲಾನ್ ಚೀಲ ಹಾಕಿದರೆ ಒಳಗಿನ ಕಲ್ಲಿನ ಮೇಲೆ ಜಾರುತ್ತದೆ. ಮೊದಲು ಪೂರ್ವದ ಬಾಗಿಲು ಮತ್ತು ಜಾಲಂಧ್ರಗಳನ್ನು (ತೂತು ಕೊರೆದ ಕಲ್ಲಿನ ಕಿಟಕಿಗಳು) ನೋಡಿ, ಬೆಳಗಿನ ಬಿಸಿಲು ಅಡ್ಡಲಾಗಿ ಬಿದ್ದು ಕೆತ್ತನೆ ಎದ್ದು ಕಾಣುತ್ತದೆ. ಮದನಿಕೆಯರು, ಅಂದರೆ ಸುಂದರಿಯರ ಶಿಲ್ಪಗಳು, ಹೊರಗೆ 38, ಒಳಗೆ 4. ಹೊರಗಿನವರೆಲ್ಲ ಸೂರಿನ ಕೆಳಗೆ ಓರೆಯಾಗಿ ನಿಂತವರು, ಕತ್ತೆತ್ತಿ ನೋಡಬೇಕು. ಎಂಟು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಬೈನಾಕ್ಯುಲರ್ ಇಬ್ಬರಿಗೊಂದು ಇದ್ದರೆ ದೂರ ನಿಂತೇ ನೋಡಬಹುದು, ಕತ್ತಿಗೆ ಶ್ರಮ ಕಡಿಮೆ. ಪೀಠದ ಕೆಳಗಿನ ಅಕ್ಷರಗಳೂ ಸಿಗುತ್ತವೆ. ಬಳ್ಳಿಗಾವಿಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ಹೆಸರು ಬರೆದುಕೊಂಡಿರುವುದನ್ನು ಓದಿದ ಮೇಲೆ ಗುಂಪಿನ ನೋಟವೇ ಬೇರೆಯಾಗುತ್ತದೆ.

ಗರ್ಭಗುಡಿಯ ಮುಂದಿನ ಮಂಟಪವಾದ ನವರಂಗದೊಳಗೆ ಕತ್ತಲು. ಬಿಸಿಲಿನಿಂದ ಒಳಹೋದವರ ಕಣ್ಣು ಹೊಂದಿಕೊಳ್ಳಲು ಐದು ನಿಮಿಷವಾದರೂ ಬೇಕು, ಕಣ್ಣಿನ ಪೊರೆಯ ಆಪರೇಷನ್ ಆಗದವರಿಗೆ ಇನ್ನೂ ಹೆಚ್ಚು. ಎಡವುವುದು ಸಾಮಾನ್ಯವಾಗಿ ಹೊಸ್ತಿಲಲ್ಲೇ, ಅಲ್ಲೊಬ್ಬರು ಕೈಹಿಡಿಯಲು ನಿಂತಿರಲಿ. ಭುವನೇಶ್ವರಿ ಎನ್ನುವ ನಡುವಿನ ಕೆತ್ತನೆಯ ಚಾವಣಿ ನೋಡಲು ಕತ್ತು ಹಿಂದಕ್ಕೆ ಬಾಗಿಸಿದರೆ ಕೆಲವರಿಗೆ ತಲೆ ಸುತ್ತುತ್ತದೆ. ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು ಅಂಗೈ ಮೇಲೆ ಮಲಗಿಸಿ ಹಿಡಿದರೆ ತಲೆ ತಗ್ಗಿಸಿಯೇ ಚಾವಣಿ ನೋಡಬಹುದು. ಟಾರ್ಚನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಬಿಡಿ. ನೇರ ಬೆಳಕಿನಲ್ಲಿ ಕೆತ್ತನೆಯ ಆಳ ಕಾಣುವುದಿಲ್ಲ.

ಹನ್ನೊಂದೂವರೆಗೆ ಹೊರಡಿ. ಇನ್ನೂ ಸ್ವಲ್ಪ ನೋಡೋಣ ಎಂಬ ಆಸೆಯಿಂದ ಒಂದು ಗಂಟೆ ಆಗಿಬಿಟ್ಟರೆ ಸಕ್ಕರೆ ಕಾಯಿಲೆಯವರು ಸೋಲುತ್ತಾರೆ. ಊಟವನ್ನು ಮುಂಚೆಯೇ ಹೇಳಿಟ್ಟು, ಎರಡು ರೂಮುಗಳನ್ನು ಅರ್ಧ ದಿನಕ್ಕೆ ಬಾಡಿಗೆಗೆ ಕೇಳಿ. ಬೇಲೂರಿನ ಮಯೂರ ವೇಲಾಪುರಿ, ಹಳೇಬೀಡಿನಲ್ಲಿ ಗುಡಿಯ ಎದುರಿನ ಮಯೂರ ಶಾಂತಲಾ ಎರಡೂ ರಾಜ್ಯ ಪ್ರವಾಸೋದ್ಯಮ ನಿಗಮದ (ಕೆ.ಎಸ್.ಟಿ.ಡಿ.ಸಿ.) ಹೋಟೆಲುಗಳು. ಒಂದೂವರೆ ಗಂಟೆ ಕಾಲು ಚಾಚಿ ಮಲಗಿದ ಗುಂಪು ಸಂಜೆ ಆರರವರೆಗೂ ನಿಲ್ಲುತ್ತದೆ, ಮಲಗದ ಗುಂಪು ನಾಲ್ಕೂವರೆಗೇ ಗಾಡಿಯತ್ತ ನೋಡುತ್ತದೆ.

ಹಳೇಬೀಡು 16 ಕಿ.ಮೀ. ಮೂರಕ್ಕೆ ಹೋದವರು ಮೊದಲು ಮ್ಯೂಸಿಯಂ ಮುಗಿಸಲಿ, ನಾಲ್ಕರ ಮೇಲೆ ಗೋಡೆ. 1121ರ ಸುಮಾರಿಗೆ ಕೇತಮಲ್ಲ ಶುರುಮಾಡಿಸಿದ ಜೋಡಿ ಗುಡಿ ಇದು. ಇಲ್ಲಿ ಚಪ್ಪಲಿ ಬಿಡುವುದು ಜಗತಿಯ ಹತ್ತಿರ. ಗೋಡೆಯ ಪಟ್ಟಿಕೆಗಳನ್ನು ಕೆಳಗಿನಿಂದ ಓದಿಕೊಳ್ಳಿ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ರಾಮಾಯಣ ಭಾರತ ಭಾಗವತದ ಕಥೆಗಳು, ಮಕರ, ಹಂಸ. ಕಥೆಯ ಪಟ್ಟಿಕೆ ಇರುವ ಎತ್ತರ ಎಂಥದ್ದೆಂದರೆ, ಮಡಚುವ ಸ್ಟೂಲಿನಲ್ಲಿ ಕೂತವರ ಕಣ್ಣಿಗೆ ಹೆಚ್ಚುಕಡಿಮೆ ನೇರ. ಒಂದು ಕೆ.ಜಿ. ಆಸುಪಾಸಿನ ಸ್ಟೂಲು ತಲೆಗೊಂದು ಬೇಕೇ ಬೇಕು. ಕಾಲುಗಳಿಗೆ ರಬ್ಬರ್ ಬಿರಡೆ ಇರಲಿ, ಬಳಪದ ಕಲ್ಲಿನ ಕೆತ್ತನೆಗೆ ತಾಗಿಸಿ ಇಡಬೇಡಿ. ಕ್ಯಾಮೆರಾಕ್ಕೆ ಟ್ರೈಪಾಡ್ ಹಾಕಲು ಪುರಾತತ್ವ ಇಲಾಖೆಯ ಅನುಮತಿ ಬೇಕು.

ಮೂರನೇ ದಿನ ಮತ್ತೆ ಹಳೇಬೀಡಿಗೇ ಹೋಗಬೇಕು ಎಂದಾಗ ಗೊಣಗುವವರು ಇರುತ್ತಾರೆ. ಆದರೆ ಬಸದಿಹಳ್ಳಿಯ ಮೂರು ಬಸದಿಗಳು, ಕೇದಾರೇಶ್ವರ ಗುಡಿ, ಹುಲಿಕೆರೆಯ ಕಲ್ಯಾಣಿ ಇವೆಲ್ಲ ಬಸ್ ಟೂರಿನವರು ಕಾಣದ ಜಾಗಗಳು, ನೂಕುನುಗ್ಗಲು ಇಲ್ಲ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ. ಒಳಗಿನ ಕಂಬಗಳ ನುಣುಪು ನೋಡಿಯೇ ನಂಬಬೇಕು. ಹುಲಿಕೆರೆಯಲ್ಲಿ ಕಲ್ಯಾಣಿಯ ಮೆಟ್ಟಿಲು ಇಳಿಯದೆ ಮೇಲಿನಿಂದಲೇ ನೋಡುವುದು ಕ್ಷೇಮ.

ಹಾಸನದ ದೊಡ್ಡ ತೊಂದರೆ ಹಾಸನಾಂಬ ದರ್ಶನದ ದಿನಗಳು. ಆಶ್ವಯುಜದಲ್ಲಿ, ದೀಪಾವಳಿಯ ಆಸುಪಾಸು ಗುಡಿಯ ಬಾಗಿಲು ತೆರೆದಾಗ ಊರಲ್ಲಿ ರೂಮು ಸಿಗದು, ಬಸ್ಸಿನಲ್ಲಿ ಜಾಗ ಇರದು. ಆ ಎರಡು ವಾರ ಬಿಟ್ಟುಬಿಡಿ. ಉಳಿದಂತೆ ಕೇಳಬೇಕಾದ್ದು: ಕರೆಂಟು ಹೋದಾಗ ಲಿಫ್ಟ್ ನಡೆಯುತ್ತದೆಯೇ, ಎಲ್ಲ ರೂಮಿಗೂ ಕಮೋಡ್ ಇದೆಯೇ, ಬಿಸಿನೀರು ಬೆಳಗ್ಗೆ ಐದಕ್ಕೇ ಬರುತ್ತದೆಯೇ. ಕೊನೆಯದನ್ನು ಕೇಳದಿದ್ದರೆ ಏಳಕ್ಕೆ ಮುಂಚೆ ಯಾರೂ ಹೊರಡುವುದಿಲ್ಲ.

ಚಿಕ್ಕಮಗಳೂರು

ಬೇಲೂರಿಗೆ ಹಾಸನಕ್ಕಿಂತ ಚಿಕ್ಕಮಗಳೂರೇ ಹತ್ತಿರ, 25 ಕಿ.ಮೀ. ಒಳಗೆ. ಹವೆ ತಂಪು, ಊಟ ರುಚಿ. ಹಾಗಿದ್ದೂ ಎರಡನೇ ಸ್ಥಾನ ಏಕೆಂದರೆ, ಇಲ್ಲಿ ಪ್ಯಾಕೇಜಿನವರು ಮಾರುವುದು ಗುಡಿಗಳನ್ನಲ್ಲ, ಹೋಂಸ್ಟೇಯನ್ನು. ತೋಟದೊಳಗಿನ ಕೊನೆಯ ಎರಡು ಮೂರು ಕಿ.ಮೀ. ಕಚ್ಚಾ ದಾರಿಯಲ್ಲಿ ಟೆಂಪೊ ಟ್ರಾವೆಲರ್ ಹೋಗುವುದಿಲ್ಲ, ಜೀಪಿಗೆ ಹತ್ತಿಸುತ್ತಾರೆ. ಸೊಂಟ ನೋವಿನವರಿಗೆ ಆ ಕುಲುಕಾಟವೇ ಸಾಕು. ಕೊಠಡಿಗೆ ಕೈಪಿಡಿ ಇಲ್ಲದ ಮೆಟ್ಟಿಲು, ಫೋನ್ ಸಿಗ್ನಲ್ ಅಷ್ಟಕ್ಕಷ್ಟೆ, ರಾತ್ರಿ ಎದೆನೋವು ಬಂದರೆ ಆಸ್ಪತ್ರೆ ದೂರ. ಮಳೆಗಾಲದಲ್ಲಿ ಇಂಬಳ. ಈ ದಾರಿ ಹಿಡಿಯುವುದಾದರೆ ಪೇಟೆಯೊಳಗಿನ ಹೋಟೆಲನ್ನೇ ಹಿಡಿಯಿರಿ, ಶನಿವಾರ ಭಾನುವಾರ ಬೇಡ. ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಂದ ಪೇಟೆ ತುಂಬಿರುತ್ತದೆ.

ಆದರೆ ಬೇಲೂರು, ಹಳೇಬೀಡನ್ನು ಈಗಾಗಲೇ ಸಾವಧಾನವಾಗಿ ನೋಡಿದವರಿಗೆ ಚಿಕ್ಕಮಗಳೂರೇ ಸರಿ. ಬೆಳವಾಡಿಯ ವೀರನಾರಾಯಣ ಗುಡಿ ಇಲ್ಲಿಂದ 29 ಕಿ.ಮೀ. ಮೂರು ಗರ್ಭಗುಡಿ, ಮುಂದೆ ಕಂಬಗಳ ಕಾಡಿನಂಥ ಸಭಾಮಂಟಪ. ಹೊರಗೋಡೆಯಲ್ಲಿ ಬೇಲೂರಿನ ಸಂಭ್ರಮ ಹುಡುಕಬೇಡಿ. ಇಲ್ಲಿ ನೋಡಬೇಕಾದ್ದು ಕಂಬಗಳ ಮೇಲಿನ ಹೊಳಪು, ಬೆಳಕು ನೆರಳಿನ ಲೆಕ್ಕಾಚಾರ. ತರೀಕೆರೆ ಬಳಿಯ ಅಮೃತಾಪುರ 67 ಕಿ.ಮೀ., ಅದಕ್ಕೆ ಇಡೀ ದಿನ ಕೊಡಬೇಕು. 1196ರ ಅಮೃತೇಶ್ವರ ಗುಡಿಯ ತೆರೆದ ಮಂಟಪದ ಕೈಪಿಡಿ ಗೋಡೆಯಲ್ಲಿ ದಕ್ಷಿಣಕ್ಕೆ ರಾಮಾಯಣದ 70 ಫಲಕ, ಉತ್ತರಕ್ಕೆ ಕೃಷ್ಣನ ಕಥೆ 25, ಮಹಾಭಾರತ 45. ರಾಮಾಯಣ ಇಲ್ಲಿ ಅಪ್ರದಕ್ಷಿಣೆಯಾಗಿ ಸಾಗುತ್ತದೆ, ಹೊಯ್ಸಳ ಗುಡಿಗಳಲ್ಲಿ ಇದು ಅಪರೂಪ. ಗೊತ್ತಿಲ್ಲದೆ ಪ್ರದಕ್ಷಿಣೆಯ ಕ್ರಮದಲ್ಲೇ ನೋಡಿದರೆ ಕಥೆ ತಿರುವುಮುರುವಾಗುತ್ತದೆ.

ಗೈಡ್ ಮತ್ತು ಗಾಡಿ

ಬೇಲೂರು, ಹಳೇಬೀಡಿನ ಸ್ಥಳೀಯ ಗೈಡ್‌ಗಳಿಗೆ ಯಾವ ಮೂರ್ತಿ ಎಲ್ಲಿದೆ ಎಂಬುದು ಕಣ್ಣುಮುಚ್ಚಿ ಗೊತ್ತು. ಆದರೆ ನಲವತ್ತು ನಿಮಿಷದ ಪಾಠ ಬಾಯಿಪಾಠ. ಶಾಸನ ಓದಬಲ್ಲ ಮೇಷ್ಟ್ರು ಸಿಕ್ಕರೆ ಕಾಲ, ಕರ್ತೃ, ಶೈಲಿ ಎಲ್ಲ ಬಿಡಿಸಿ ಹೇಳುತ್ತಾರೆ, ಆದರೆ ಒಂದೇ ಕಂಬದ ಬಳಿ ಮುಕ್ಕಾಲು ಗಂಟೆ ನಿಲ್ಲಿಸುತ್ತಾರೆ. ಇಬ್ಬರೂ ಬೇಕು ಎನ್ನುವುದು ನಮ್ಮ ಅನುಭವ: ಹಿಂದಿನ ಸಂಜೆ ಹೋಟೆಲಿನಲ್ಲಿ ಕೂತು ಮೇಷ್ಟ್ರ ಪಾಠ, ಗುಡಿಯಲ್ಲಿ ಸ್ಥಳೀಯರ ಜತೆ ನೋಟ. ಹನ್ನೆರಡಕ್ಕಿಂತ ಹೆಚ್ಚು ಜನ ಆದರೆ ಹಿಂದೆ ನಿಂತವರಿಗೆ ಮಾತು ಕೇಳಿಸದು.

ಟೆಂಪೊ ಟ್ರಾವೆಲರ್‌ಗಿಂತ 21 ಸೀಟಿನ ಮಿನಿ ಬಸ್‌ನಲ್ಲಿ ಎತ್ತರ ಹೆಚ್ಚು, ಬಗ್ಗದೆ ನಡೆಯಬಹುದು. ಆದರೆ ಹಳ್ಳಿಯ ಸಂದಿಗಳಲ್ಲಿ ಅದನ್ನು ತಿರುಗಿಸುವುದು ಕಷ್ಟ. ಹನ್ನೆರಡು ಜನಕ್ಕೆ ಟೆಂಪೊ ಟ್ರಾವೆಲರ್ ಸಾಕು. ಮೊದಲ ಮೆಟ್ಟಿಲು ನೆಲದಿಂದ ಎತ್ತರ ಇರುವುದರಿಂದ ಅಗಲವಾದ ಗಟ್ಟಿ ಮಣೆಯೊಂದನ್ನು ಗಾಡಿಯಲ್ಲೇ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಸ್ಟೂಲು ವಾಲುತ್ತದೆ.

ಶ್ರವಣಬೆಳಗೊಳವನ್ನು ವಾಪಸ್ ಹೋಗುವ ದಿನಕ್ಕೆ ಇಡಿ. ವಿಂಧ್ಯಗಿರಿಗೆ ಡೋಲಿ ಸಿಗುತ್ತದೆ, ಬೆಳಗ್ಗೆ ಬೇಗ ಹೋದವರಿಗೆ ಕಾಯುವುದು ಕಡಿಮೆ. ಹತ್ತಲಾರದವರು ಬೇಜಾರು ಮಾಡಿಕೊಳ್ಳಬೇಕಿಲ್ಲ. ಕೆಳಗೆ ಊರೊಳಗೇ 1181ರ ಅಕ್ಕನ ಬಸದಿ, 1159ರ ಭಂಡಾರ ಬಸದಿ ಇವೆ. ಇನ್ನೂರರ ಆಸುಪಾಸು ಮೆಟ್ಟಿಲು ಹತ್ತಬಲ್ಲವರಿಗೆ ಎದುರಿನ ಚಿಕ್ಕ ಬೆಟ್ಟ ಚಂದ್ರಗಿರಿ ಇದೆ. ಶಾಸನಾಸಕ್ತರಿಗೆ ನಿಜವಾದ ನಿಧಿ ಅಲ್ಲೇ: ಬಂಡೆಯ ಮೈಮೇಲೆ ಏಳನೇ ಶತಮಾನದ ನಿಸಿದಿ ಶಾಸನಗಳು, ಅಂದರೆ ವ್ರತ ಹಿಡಿದು ದೇಹಬಿಟ್ಟ ಜೈನರ ನೆನಪಿನ ಬರಹಗಳು. ಹಲ್ಮಿಡಿಗೆ ಹೋಗೋಣ ಎನ್ನುವವರಿಗೆ ಮುಂಚೆಯೇ ತಿಳಿಸಿಬಿಡಿ, ಊರಲ್ಲಿರುವುದು ಪ್ರತಿಕೃತಿ, ಮೂಲ ಶಾಸನ ಮೈಸೂರಿನಲ್ಲಿದೆ.

ಅರ್ಧ ದಿನ ಉಳಿದರೆ ಹಾಸನಕ್ಕೆ ಹತ್ತು ಹನ್ನೆರಡು ಕಿ.ಮೀ. ದೂರದ ಕೋರವಂಗಲ ಅಥವಾ ಮೊಸಳೆ ನೋಡಬಹುದು. ಕೋರವಂಗಲದ ಬೂಚೇಶ್ವರ 1173ರದ್ದು, ಎರಡನೇ ಬಲ್ಲಾಳನ ಪಟ್ಟಾಭಿಷೇಕದ ವರ್ಷ. ಮೊಸಳೆಯಲ್ಲಿ ಪಕ್ಕಪಕ್ಕದಲ್ಲೇ ಒಂದೇ ಅಚ್ಚಿನ ಎರಡು ಗುಡಿ, ಒಂದು ಶಿವನಿಗೆ, ಒಂದು ಕೇಶವನಿಗೆ. ಇಂಥ ಹಳ್ಳಿಗುಡಿಗಳಲ್ಲಿ ಬೀಗದ ಕೈ ಕಾವಲುಗಾರರ ಹತ್ತಿರವೋ ಅರ್ಚಕರ ಮನೆಯಲ್ಲೋ ಇರುತ್ತದೆ. ಹಿಂದಿನ ದಿನವೇ ವಿಚಾರಿಸಿ ಹೊತ್ತು ಗೊತ್ತುಮಾಡಿಕೊಳ್ಳಿ. ಶೌಚಾಲಯ ಇಲ್ಲಿ ನಂಬುವಂತಿಲ್ಲ, ಹಾಸನ ಬಿಡುವ ಮುಂಚೆ ಎಲ್ಲರೂ ಹೋಗಿಬರಲಿ.