ಕುಡಿತ ಬಿಡುವವರ ಸಭೆ: ಎದುರಿಗೆ ಕೂತೋ, ಫೋನಿನಲ್ಲೋ?

ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ. 1935ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಸಭೆಗೆ ಶುಲ್ಕವಿಲ್ಲ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು.

ಗದಗ, ಹಾವೇರಿಯವರಿಗೆ ಹತ್ತಿರದಲ್ಲಿ ಸಭೆ ಇಲ್ಲದಿದ್ದರೆ ಆನ್‌ಲೈನ್ ಸಭೆ ಸುಲಭ. ಬಸ್ ಖರ್ಚಿಲ್ಲ, ಮುಖ ತೋರಿಸಬೇಕಿಲ್ಲ. ಮನೆ ಬಿಟ್ಟು ಹೊರಡಲಾಗದ ಹೆಣ್ಣುಮಕ್ಕಳಿಗಂತೂ ಇದೇ ಅನುಕೂಲ. ಆದರೆ ಕ್ಯಾಮೆರಾ ಆಫ್ ಮಾಡಿ ಸುಮ್ನೆ ಕೂತರೆ ಜಾರಿಕೊಳ್ಳುವುದೂ ಅಷ್ಟೇ ಸುಲಭ.

ಹತ್ತಿರದಲ್ಲಿ ಸಭೆ ಸಿಕ್ಕರೆ, ಮೊದಮೊದಲು ಎದುರಿಗೇ ಕೂರಿ ಎನ್ನುತ್ತೇನೆ. ನಿಮ್ಮಂತೆಯೇ ಕುಡಿದು, ಈಗ ಬಿಟ್ಟಿರುವವರು ಕಣ್ಣೆದುರು ಇರುತ್ತಾರೆ. ಸಂಜೆ ಮನಸ್ಸು ಎಳೆದಾಗ ಫೋನ್ ಮಾಡಲು ಒಬ್ಬರು ಸಿಗುತ್ತಾರೆ, ಇದು ದೊಡ್ಡ ಬಲ. ಪರಿಚಯದವರು ನೋಡಿದರೆ? ಅವರೂ ಅದಕ್ಕೇ ಬಂದಿರುತ್ತಾರೆ ಅಲ್ವಾ! ಅಷ್ಟಾದರೂ ಅಳುಕಿದ್ದರೆ ಬೇರೆ ಊರಿನ ಸಭೆ ಆರಿಸಿ. ಹೊರಡುವ ಮೊದಲು ಎಎಗೆ ಫೋನ್ ಮಾಡಿ ಸಮಯ ಕೇಳಿಕೊಳ್ಳಿ. ಮುಕ್ತ ಸಭೆಯಾದರೆ ಮನೆಯವರೂ ಬರಬಹುದು. ಮುಚ್ಚಿದ ಸಭೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ.

ದಿನವೂ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಬೇಡಿ. ಕೈ ನಡುಕ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಮೊದಲು ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲೋ ಹತ್ತಿರದ ಆಸ್ಪತ್ರೆಯಲ್ಲೋ ಡಾಕ್ಟರನ್ನು ಕಾಣಿ. ಯಾರ ಹತ್ತಿರ ಹೇಳಲೆಂದೇ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.