ಎನ್‌ಕ್ರಿಪ್ಟೆಡ್ ಮೇಲ್‌ನ ಅಡ್ರೆಸ್ ಬುಕ್ಕನ್ನು ಏಜೆನ್ಸಿ ಕೈಗೆ ಕೊಡುವ ಮುಂಚೆ

ಕ್ಲಿನಿಕ್ಕೋ, ಟ್ಯೂಷನ್ನೋ, ಲಾಯರ್ ಆಫೀಸೋ, ನೀವು ಏನಾದರೂ ನಡೆಸುತ್ತಿರಬಹುದು. ಬರುವ ಜನರ ಜೊತೆ ಪ್ರೋಟಾನ್ ಮೇಲ್ ಅಥವಾ ಟೂಟಾದಂಥ ಎನ್‌ಕ್ರಿಪ್ಟೆಡ್ (ಬೇರೆಯವರಿಗೆ ಓದಲಾಗದಂತೆ ಲಾಕ್ ಮಾಡಿದ) ಮೇಲ್‌ನಲ್ಲೇ ವ್ಯವಹಾರ ಇಟ್ಟುಕೊಂಡಿರಬಹುದು. ಈಗ ಯಾರೋ ಬಂದು, "ಈ ಕಾಂಟ್ಯಾಕ್ಟ್‌ಗಳನ್ನೆಲ್ಲ ಒಂದು ಇಮೇಲ್ ಮಾರ್ಕೆಟಿಂಗ್ ಪ್ಲಾಟ್‌ಫಾರ್ಮ್‌ಗೆ ಹಾಕಿಬಿಡೋಣ, ಹತ್ತು ನಿಮಿಷದ ಕೆಲಸ" ಅನ್ನುತ್ತಿದ್ದರೆ ಸ್ವಲ್ಪ ತಡೆಯಿರಿ. ಕೆಲಸವೇನೋ ಹತ್ತು ನಿಮಿಷದ್ದೇ. ನಮ್ಮಲ್ಲಿ ಆದ ಎಡವಟ್ಟನ್ನು ಸರಿ ಮಾಡೋಕೆ ತಿಂಗಳುಗಳೇ ಹಿಡಿದವು. ಎಲ್ಲವೂ ಸರಿಯಾಗಲೂ ಇಲ್ಲ.

ನಾನು ಜಯನಗರದ ಒಂದು ಸಣ್ಣ ಕೌನ್ಸೆಲಿಂಗ್ ಸೆಂಟರ್‌ನ ಆಫೀಸ್ ನೋಡಿಕೊಳ್ಳುತ್ತೇನೆ. ಅಪಾಯಿಂಟ್‌ಮೆಂಟ್, ಬಿಲ್, ಮೇಲ್ ಎಲ್ಲ ನನ್ನ ಕೆಲಸ. ನಮ್ಮ ಮೇಡಂ ಮೊದಲಿಂದಲೂ ಸ್ವಂತ ಡೊಮೇನ್ (ಮೇಲ್ ಐಡಿಯಲ್ಲಿ @ ಆದ ಮೇಲೆ ಬರುವ ಹೆಸರು) ಇಟ್ಟುಕೊಂಡು ಪ್ರೋಟಾನ್‌ನಲ್ಲೇ ಮೇಲ್ ನಡೆಸುತ್ತಾರೆ. ಬರುವವರು ಹೇಳಿಕೊಳ್ಳುವ ವಿಷಯ ಅಂಥದ್ದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ವಿಷಯ ಗುಟ್ಟಾಗಿ ಉಳಿಯುವುದು ರೋಗಿಯ ಹಕ್ಕು. ಕಾಯ್ದೆ ಇಲ್ಲದಿದ್ದರೂ ಮೇಡಂ ಹಾಗೇ ನಡೆದುಕೊಳ್ಳುತ್ತಿದ್ದರು ಬಿಡಿ.

ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳ ತಂದೆತಾಯಿಗಳಿಗೆ ಪರೀಕ್ಷೆ ಭಯದ ಬಗ್ಗೆ ಆಗಾಗ ಕಾರ್ಯಾಗಾರ ಮಾಡುತ್ತೇವೆ. ಬಂದವರಲ್ಲಿ ಕೆಲವರು ಫಾರಂನಲ್ಲಿ "ಮುಂದಿನ ಕಾರ್ಯಕ್ರಮದ ಮಾಹಿತಿ ಕಳಿಸಿ" ಅಂತ ಟಿಕ್ ಮಾಡಿ ಹೋಗುತ್ತಾರೆ. ಅವರಿಗೆಲ್ಲ ಒಂದೇ ಸಲ ಮೇಲ್ ಕಳಿಸಬೇಕು, ಅಷ್ಟೇ ಇದ್ದಿದ್ದು ಆಸೆ. ಕೋರಮಂಗಲದ ಒಂದು ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿ ಒಪ್ಪಿಕೊಂಡಿತು. ಹೆಸರು ಬರೆಯುವುದಿಲ್ಲ. ಟಿಕ್ ಮಾಡಿದವರನ್ನು ಕಾಂಟ್ಯಾಕ್ಟ್ಸ್‌ನಲ್ಲಿ ಬೇರೆ ಗುಂಪು ಮಾಡಿಟ್ಟಿದ್ದೆ. "ಈ ಗುಂಪು ಮಾತ್ರ" ಅಂತ ಅವರಿಗೆ ಮೇಲ್‌ನಲ್ಲೂ ಬರೆದಿದ್ದೆ, ಬಂದ ಹುಡುಗನಿಗೆ ಸ್ಕ್ರೀನ್ ಮೇಲೂ ತೋರಿಸಿದ್ದೆ. ಆತ ಬಹಳ ವಿನಯವಂತ. ಎಲ್ಲದಕ್ಕೂ "ಓಕೆ ಮೇಡಂ". ಎಕ್ಸ್‌ಪೋರ್ಟ್ ಮಾಡಿದ್ದು, ಅಂದರೆ ಫೈಲ್ ಮಾಡಿ ಹೊರಗೆ ತೆಗೆದದ್ದು, ಮಾತ್ರ ಇಡೀ ಅಡ್ರೆಸ್ ಬುಕ್ಕನ್ನು.

ಇಡೀ ಅಡ್ರೆಸ್ ಬುಕ್ ಅಂದರೆ ಏನೇನಿರುತ್ತದೆ ಅಂತ ನಿಮ್ಮದನ್ನೇ ಒಮ್ಮೆ ತೆಗೆದು ನೋಡಿ. ನೀವು ಮೇಲ್ ಕಳಿಸಿದವರನ್ನೆಲ್ಲ ತಾನೇ ಸೇವ್ ಮಾಡಿಕೊಳ್ಳುವ ಸೆಟ್ಟಿಂಗ್ ಪ್ರೋಟಾನ್‌ನಲ್ಲಿದೆ. ಹಾಗಾಗಿ ಅಲ್ಲಿ ಕೌನ್ಸೆಲಿಂಗ್‌ಗೆ ಬರುವವರಿದ್ದರು, ಬಂದು ಬಿಟ್ಟವರಿದ್ದರು, ನಿಮ್ಹಾನ್ಸ್‌ನ ಡಾಕ್ಟರುಗಳಿದ್ದರು, ಬಿಲ್ಡಿಂಗ್ ಓನರ್, ಆಡಿಟರ್, ಬ್ಯಾಂಕ್ ಮ್ಯಾನೇಜರ್ ಎಲ್ಲರೂ ಇದ್ದರು. ಒಂದೇ ಹೆಸರಿನವರು ಮೂರ್ನಾಲ್ಕು ಜನ ಇದ್ದಾಗ ಗುರುತಿಗೆ ಪಕ್ಕದಲ್ಲಿ "ನಿದ್ರೆ", "ಡಿವೋರ್ಸ್", "ಮಗನ ವಿಷಯ" ಅಂತಲೂ ಇತ್ತು. ನೋಟ್ಸ್ ಜಾಗದಲ್ಲಿ ಇನ್ನೂ ಜಾಸ್ತಿ. "ಸಂಜೆ ಆರರ ಮೇಲೆ ಫೋನ್ ಮಾಡಬಾರದು, ಮನೆಯಲ್ಲಿ ಗೊತ್ತಿಲ್ಲ" ಅನ್ನುವಂಥವು.

ಇಲ್ಲಿ ತುಂಬಾ ಜನ ತಪ್ಪು ತಿಳಿದುಕೊಂಡಿರುವ ಒಂದು ವಿಷಯವಿದೆ. "ಎನ್‌ಕ್ರಿಪ್ಟ್ ಆಗಿದೆಯಲ್ಲ, ಫೈಲ್ ಯಾರಿಗೆ ಸಿಕ್ಕರೇನು?" ಅಂತ ಆ ಹುಡುಗ ಆಮೇಲೆ ನನ್ನನ್ನೇ ಕೇಳಿದ. ಪ್ರೋಟಾನ್‌ನಲ್ಲಿ ಕಾಂಟ್ಯಾಕ್ಟ್‌ನ ಫೋನ್ ನಂಬರ್, ವಿಳಾಸ, ನೋಟ್ಸ್ ನಿಮ್ಮ ಕೀಲಿಯಿಂದಲೇ ಲಾಕ್ ಆಗಿರುತ್ತವೆ. ಕಂಪನಿಯವರಿಗೂ ಓದಲು ಬರುವುದಿಲ್ಲ. ಹೆಸರು ಮತ್ತು ಇಮೇಲ್ ಐಡಿಗೆ ಮಾತ್ರ ಆ ಮಟ್ಟದ ಲಾಕ್ ಇಲ್ಲ. ಟೂಟಾ ಕಾಂಟ್ಯಾಕ್ಟನ್ನು ಪೂರ್ತಿಯಾಗಿ ಲಾಕ್ ಮಾಡುತ್ತದೆ. ಆದರೆ ಎಕ್ಸ್‌ಪೋರ್ಟ್ ಒತ್ತಿದ ಕ್ಷಣ ನಿಮ್ಮ ಕಂಪ್ಯೂಟರೇ ಲಾಕ್ ಬಿಚ್ಚಿ, ಎಲ್ಲವನ್ನೂ ಸಾದಾ ಅಕ್ಷರದಲ್ಲಿ ಒಂದು ವಿಸಿಎಫ್ ಫೈಲ್‌ಗೆ (ಕಾಂಟ್ಯಾಕ್ಟ್‌ಗಳನ್ನು ಇಡುವ ಫೈಲ್) ಬರೆಯುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆಗೆದರೂ ಓದಬಹುದು. ಬೀರುವಿನಲ್ಲಿದ್ದ ಫೈಲನ್ನು ತೆಗೆದುಕೊಂಡು ಹೋಗಿ ಜೆರಾಕ್ಸ್ ಅಂಗಡಿಯ ಟೇಬಲ್ ಮೇಲೆ ಇಟ್ಟ ಹಾಗೆ. ಬೀರುವಿನ ಬೀಗ ಎಷ್ಟು ಗಟ್ಟಿ ಅನ್ನುವುದು ಆಮೇಲೆ ಲೆಕ್ಕಕ್ಕೇ ಬರುವುದಿಲ್ಲ.

ಮುಂದಿನದು ನನ್ನ ಪ್ರಕಾರ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಮಾರ್ಕೆಟಿಂಗ್ ಪ್ಲಾಟ್‌ಫಾರ್ಮ್‌ಗೆ ಬೇಕಾಗಿದ್ದು ಸಿಎಸ್‌ವಿ (ಸಾಲು, ಕಾಲಂ ಇರುವ ಪಟ್ಟಿಯ ಫೈಲ್), ಕೈಯಲ್ಲಿದ್ದದ್ದು ವಿಸಿಎಫ್. ಹುಡುಗ ಗೂಗಲ್‌ನಲ್ಲಿ ಹುಡುಕಿ, ಮೊದಲು ಸಿಕ್ಕ ಫ್ರೀ ಕನ್ವರ್ಟರ್ ಸೈಟ್‌ಗೆ ಫೈಲ್ ಅಪ್‌ಲೋಡ್ ಮಾಡಿದ. ಆ ಸೈಟ್ ಯಾರದ್ದು, ಯಾವ ದೇಶದ್ದು, ಫೈಲನ್ನು ಅಳಿಸುತ್ತಾರಾ ಇಟ್ಟುಕೊಳ್ಳುತ್ತಾರಾ, ಒಂದೂ ಅಲ್ಲಿ ಬರೆದಿಲ್ಲ. ನಾವು ಬರೆದ ಮೇಲ್‌ಗೆ ಉತ್ತರವೂ ಬಂದಿಲ್ಲ. ಮೇಡಂ ಇಷ್ಟು ವರ್ಷ ದುಡ್ಡು ಕಟ್ಟಿ ಕಾಪಾಡಿಕೊಂಡು ಬಂದಿದ್ದನ್ನು ಆತ ಒಂದು ಕ್ಲಿಕ್‌ನಲ್ಲಿ ಬೀದಿಗೆ ಹಾಕಿದ್ದ. ಯಾಕಪ್ಪಾ ಹೀಗೆ ಮಾಡಿದ್ರಿ ಅಂದರೆ, "ಎಲ್ಲ ಕ್ಲೈಂಟ್‌ಗೂ ಹೀಗೇ ಮಾಡ್ತೀವಿ ಮೇಡಂ" ಅಂದ. ಬೇರೆ ಕ್ಲೈಂಟ್‌ಗಳನ್ನು ನೆನೆದು ಪಾಪ ಅನ್ನಿಸಿತು.

ಕನ್ವರ್ಟರ್ ಕೆಲಸವನ್ನಾದರೂ ಸರಿಯಾಗಿ ಮಾಡಿತಾ? ಇಲ್ಲ. ಗುಂಪಿನ ಹೆಸರು ವಿಸಿಎಫ್‌ನಲ್ಲಿ ಕೂರುವುದು ಕ್ಯಾಟಗರೀಸ್ ಅನ್ನುವ ಸಾಲಿನಲ್ಲಿ. ಸಿಎಸ್‌ವಿಯಲ್ಲಿ ಆ ಕಾಲಂ ಇರಲೇ ಇಲ್ಲ. ಅಂದರೆ ಯಾರು ಒಪ್ಪಿದ್ದಾರೆ, ಯಾರು ಒಪ್ಪಿಲ್ಲ ಅಂತ ಹೇಳುವ ಒಂದೇ ಒಂದು ಗುರುತು ಅಳಿಸಿಹೋಯಿತು. ನೋಟ್ಸ್ ಮಾತ್ರ ಅಚ್ಚುಕಟ್ಟಾಗಿ ಬಂದಿತ್ತು! ಇನ್ನೊಂದು, ಒಬ್ಬರಿಗೆ ಎರಡು ಇಮೇಲ್ ಇದ್ದರೆ ಪ್ರೋಟಾನ್ ಅವನ್ನು "ಐಟಂ1", "ಐಟಂ2" ಅಂತ ಬರೆದು, ಯಾವುದು ಮೊದಲು ಅಂತ "ಪ್ರೆಫ್" ಅನ್ನುವ ನಂಬರಿನಲ್ಲಿ ಹೇಳುತ್ತದೆ. ಕನ್ವರ್ಟರ್ ಆ ನಂಬರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಎರಡನ್ನೂ ಬೇರೆ ಬೇರೆ ಸಾಲು ಮಾಡಿತ್ತು. ಆಮೇಲೆ ಯಾರೋ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆಗೆದು ಸೇವ್ ಮಾಡಿದ್ದಾರೆ. ಕನ್ನಡದಲ್ಲಿದ್ದ ಹೆಸರುಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳಾದವು. 91ರಿಂದ ಶುರುವಾಗುವ ಮೊಬೈಲ್ ನಂಬರ್‌ಗಳು 9.19ಇ+11 ಅಂತಾಗಿ, ಕೊನೆಯ ಅಂಕಿಗಳು ಹೋದವು. ಇದು ಹೋಗಲಿ, ಒಳ್ಳೆಯದೇ ಆಯಿತು ಅಂತ ಈಗ ಅನ್ನಿಸುತ್ತದೆ. ಇಲ್ಲದಿದ್ದರೆ ಎಸ್‌ಎಂಎಸ್ ಕೂಡ ಹೋಗಿರುತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ಪರೀಕ್ಷೆ ಭಯದ ಮೇಲ್ ಎಲ್ಲರಿಗೂ ಹೋಯಿತು. "ನಮಸ್ಕಾರ" ಆದ ಮೇಲೆ ಪೂರ್ತಿ ಹೆಸರು ತಾನೇ ಬಂದು ಕೂರುವ ಹಾಗೆ ಸೆಟ್ ಮಾಡಿದ್ದರು. ಹೆಸರಿನ ಜೊತೆ "ಡಿವೋರ್ಸ್" ಕೂಡ ಬಂದು ಕೂತಿತು.

ಆಡಿಟರ್ ಫೋನ್ ಮಾಡಿ ನಕ್ಕರು. ಉಳಿದವರು ನಗಲಿಲ್ಲ. ಹೊರ ವರ್ತುಲ ರಸ್ತೆಯ ಒಂದು ಐಟಿ ಕಂಪನಿಯಲ್ಲಿ ಕೆಲಸ ಮಾಡುವ ಒಬ್ಬರು ತಮ್ಮ ಸ್ವಂತ ಐಡಿಯನ್ನೇ ಮೊದಲು ಕೊಟ್ಟಿದ್ದರು. ಒಂದು ಸಲ ಯಾವುದೋ ಬಿಲ್‌ಗೆ ಅಂತ ಆಫೀಸ್ ಐಡಿಯನ್ನೂ ಕೊಟ್ಟಿದ್ದರು. ಮೇಲ್ ಎರಡಕ್ಕೂ ಹೋಗಿದೆ. ಆ ಹೊತ್ತಿಗೆ ಅವರು ಮೀಟಿಂಗ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿದ್ದರು. ಮೂಲೆಯಲ್ಲಿ ನಮ್ಮ ಸೆಂಟರ್ ಹೆಸರು, ಅವರ ಹೆಸರು, ಅದರ ಪಕ್ಕದ ಪದ, ಎಲ್ಲ ಪಾಪ್‌ಅಪ್ ಆಗಿ ಟೀಮ್‌ಗೆಲ್ಲ ಕಂಡಿದೆ. "ನನ್ನ ಆಫೀಸ್ ಐಡಿ ನಿಮಗೆ ಯಾಕೆ ಬೇಕಿತ್ತು?" ಅಂತ ಕೇಳಿದರು. ಕೂಗಾಡಲಿಲ್ಲ. ಮೇಡಂ ತಾವೇ ಫೋನ್ ತೆಗೆದುಕೊಂಡು ತುಂಬಾ ಹೊತ್ತು ಮಾತಾಡಿದರು. ಅವರು ಮತ್ತೆ ಬರಲಿಲ್ಲ.

ಏಜೆನ್ಸಿಗೆ ಫೋನ್ ಮಾಡಿದರೆ, "ಮೇಡಂ, ಸಣ್ಣ ಇಂಪೋರ್ಟ್ ಎರರ್ ಅಷ್ಟೇ. ಡಿಲೀಟ್ ಮಾಡಿಬಿಟ್ವಿ." ಈ ಮಾತನ್ನು ನಂಬಬೇಡಿ. ಮೇಲ್‌ಚಿಂಪ್‌ನಂಥ ಪ್ಲಾಟ್‌ಫಾರ್ಮ್‌ಗಳಲ್ಲಿ ಆರ್ಕೈವ್ ಮಾಡುವುದು ಬೇರೆ, ಪೂರ್ತಿ ಅಳಿಸುವುದು ಬೇರೆ. ಆರ್ಕೈವ್ ಮಾಡಿದರೆ ಲಿಸ್ಟ್‌ನಲ್ಲಿ ಕಾಣುವುದಿಲ್ಲ, ಡೇಟಾ ಮಾತ್ರ ಅಲ್ಲೇ ಇರುತ್ತದೆ. ಲಾಗಿನ್ ಕೊಡಿ ಅಂತ ಹಟ ಹಿಡಿದು ನೋಡಿದೆ. ಎಲ್ಲರೂ ಆರ್ಕೈವ್‌ನಲ್ಲಿ ಹಾಯಾಗಿದ್ದರು, ನೋಟ್ಸ್ ಸಮೇತ. ಆಮೇಲೆ ಗೊತ್ತಾಯಿತು, ಅದೇ ಫೈಲ್ ಅವರ ಗೂಗಲ್ ಡ್ರೈವ್‌ನಲ್ಲಿತ್ತು, ಟೀಮ್‌ನ ವಾಟ್ಸಾಪ್ ಗುಂಪಿನಲ್ಲೂ ಇತ್ತು.

ಇಷ್ಟಾದ ಮೇಲೂ ಎರಡನೇ ಮೇಲ್ ಹೋಯಿತು. ಮೊದಲ ಮೇಲ್ ನೋಡಿ ಎಷ್ಟೋ ಜನ ಅನ್‌ಸಬ್‌ಸ್ಕ್ರೈಬ್ ಒತ್ತಿದ್ದರು. ಏಜೆನ್ಸಿಯ ಇನ್ನೊಬ್ಬರು "ಫ್ರೆಶ್ ಆಗಿ ಶುರು ಮಾಡೋಣ" ಅಂತ ಹೊಸ ಲಿಸ್ಟ್ ತೆರೆದು ಹಳೇ ಸಿಎಸ್‌ವಿಯನ್ನೇ ಹಾಕಿದ್ದಾರೆ. ಯಾರು ಬೇಡ ಅಂದಿದ್ದಾರೆ ಅನ್ನುವ ದಾಖಲೆ ಇರುವುದು ಹಳೇ ಲಿಸ್ಟ್‌ನಲ್ಲಿ, ಹೊಸದಕ್ಕೆ ಅದು ಗೊತ್ತೇ ಇಲ್ಲ. ಬೇಡ ಅಂದವರಿಗೇ ಮತ್ತೆ ಮೇಲ್ ಬಂದರೆ ಅವರು ಏನು ಮಾಡುತ್ತಾರೆ? ಸ್ಪ್ಯಾಮ್ ಒತ್ತುತ್ತಾರೆ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ಈ ವಿಷಯದಲ್ಲಿ ಬಿಗಿಯಾಗಿವೆ. ಸ್ಪ್ಯಾಮ್ ದೂರು ಶೇ 0.3 ಮುಟ್ಟಬಾರದು, ಶೇ 0.1ರ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ಗೂಗಲ್. ಸಾವಿರ ಜನರಲ್ಲಿ ಮೂರು ಜನ ಒತ್ತಿದರೆ ಮುಗೀತು.

ಅದರ ಮೇಲೆ ಡೊಮೇನ್ ಸೆಟ್ಟಿಂಗ್‌ನಲ್ಲೂ ಕೈಯಾಡಿಸಿದ್ದರು. ಪ್ರೋಟಾನ್‌ಗೆ ಅಂತ ಆಗಲೇ ಒಂದು ಎಸ್‌ಪಿಎಫ್ ರೆಕಾರ್ಡ್ (ಈ ಡೊಮೇನ್ ಹೆಸರಲ್ಲಿ ಯಾರು ಮೇಲ್ ಕಳಿಸಬಹುದು ಅಂತ ಹೇಳುವ ಸಾಲು) ಇತ್ತು. ಹೊಸ ಪ್ಲಾಟ್‌ಫಾರ್ಮ್‌ಗೆ ಅಂತ ಪಕ್ಕದಲ್ಲಿ ಇನ್ನೊಂದು ಹಾಕಿದ್ದಾರೆ. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ರೆಕಾರ್ಡ್ ಇರಬೇಕು. ಎರಡಿದ್ದರೆ ಮೇಲ್ ಪಡೆಯುವ ಕಡೆ ಆ ತಪಾಸಣೆಯೇ ಫೇಲ್. ಇರುವ ಸಾಲಿನೊಳಗೇ ಎರಡನ್ನೂ ಸೇರಿಸಿ ಬರೆಯಬೇಕಿತ್ತು. ಇದೂ ಸೇರಿ, ದೂರುಗಳೂ ಸೇರಿ, ನಾನು ಪ್ರೋಟಾನ್‌ನಿಂದ ಕಳಿಸುವ ಮಾಮೂಲಿ ಅಪಾಯಿಂಟ್‌ಮೆಂಟ್ ಮೇಲ್‌ಗಳೂ ಜನರ ಸ್ಪ್ಯಾಮ್‌ಗೆ ಬೀಳತೊಡಗಿದವು. ದಿನವಿಡೀ ಫೋನ್ ಮಾಡಿ "ಮೇಲ್ ಬಂತಾ? ಸ್ಪ್ಯಾಮ್‌ನಲ್ಲಿ ನೋಡಿ" ಅಂತ ಕೇಳುವುದೇ ಕೆಲಸವಾಯಿತು.

ಕಾನೂನು ಏನನ್ನುತ್ತದೆ ಅಂತಲೂ ವಿಚಾರಿಸಿದೆವು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದಿವೆ, ಹಂತಹಂತವಾಗಿ ಜಾರಿಯಾಗುತ್ತಿವೆ. ಜನ ಯಾವ ಉದ್ದೇಶಕ್ಕೆ ಒಪ್ಪಿ ಕೊಟ್ಟಿದ್ದಾರೋ ಅದಕ್ಕೆ ಮಾತ್ರ ಡೇಟಾ ಬಳಸಬೇಕು ಅನ್ನುವುದು ಅದರ ತಿರುಳು. ಅಪಾಯಿಂಟ್‌ಮೆಂಟ್‌ಗೆ ಕೊಟ್ಟ ಐಡಿ ಪ್ರಚಾರಕ್ಕಲ್ಲ. ಕೆಲಸ ಹೊರಗಿನವರು ಮಾಡಿದರೂ ಹೊಣೆ ಅವರ ಕೈಗೆ ಡೇಟಾ ಕೊಟ್ಟ ನಮ್ಮಂಥವರದ್ದೇ. ಸರಿಯಾಗಿ ಕಾಪಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಸಣ್ಣವರಿಗೆ ಅಷ್ಟು ಹಾಕುತ್ತಾರಾ ಅನ್ನುವುದು ಬೇರೆ ಮಾತು. ಏಜೆನ್ಸಿ ಮೇಲೆ ಹೊರಿಸಿ ಕೈತೊಳೆದುಕೊಳ್ಳೋಕೆ ಆಗುವುದಿಲ್ಲ, ಅದು ಮುಖ್ಯ.

ಪ್ಲಾಟ್‌ಫಾರ್ಮ್ ದೊಡ್ಡದು, ಅಲ್ಲಿ ಸೇಫ್ ಅಂತಲೂ ಸುಮ್ನೆ ನಂಬಬೇಡಿ. 2022ರಲ್ಲಿ ಮೇಲ್‌ಚಿಂಪ್‌ನ ಸಿಬ್ಬಂದಿಯನ್ನು ಯಾಮಾರಿಸಿ ಕಳ್ಳರು ಒಳಗಿನ ಟೂಲ್‌ಗೇ ನುಗ್ಗಿದ್ದರು. ಅಲ್ಲಿ ಸಿಕ್ಕ ಲಿಸ್ಟ್ ಹಿಡಿದು ಟ್ರೆಜರ್ ಅನ್ನುವ ಕ್ರಿಪ್ಟೋ ವ್ಯಾಲೆಟ್ ಬಳಸುವವರಿಗೆ ನಕಲಿ ಮೇಲ್ ಕಳಿಸಿದರು. 2023ರ ಜನವರಿಯಲ್ಲಿ ಮತ್ತೆ 133 ಗ್ರಾಹಕರ ಖಾತೆಗಳಿಗೆ ಕೈ ಹಾಕಿದ್ದರು. ಅಲ್ಲಿ ಇಮೇಲ್ ಐಡಿ ಮಾತ್ರ ಇದ್ದರೆ ಹೋಗುವುದು ಇಮೇಲ್ ಐಡಿ ಮಾತ್ರ. ನೋಟ್ಸ್ ಇದ್ದರೆ ನೋಟ್ಸೂ ಹೋಗುತ್ತದೆ.

ಈಗ ನಾವು ಏನನ್ನೂ ಎಕ್ಸ್‌ಪೋರ್ಟ್ ಮಾಡುವುದಿಲ್ಲ. ಕಾರ್ಯಾಗಾರಕ್ಕೆ ಬಂದವರಿಗೆ ಒಂದು ಕ್ಯೂಆರ್ ಕೋಡ್ ತೋರಿಸುತ್ತೇವೆ. ಬೇಕಾದವರು ಪ್ಲಾಟ್‌ಫಾರ್ಮ್‌ನ ಫಾರಂನಲ್ಲಿ ತಾವೇ ಇಮೇಲ್ ಹಾಕುತ್ತಾರೆ. ಅವರಿಗೊಂದು ಮೇಲ್ ಹೋಗುತ್ತದೆ, ಅದರಲ್ಲಿ ಹೌದು ಅಂತ ಒತ್ತಿದರೆ ಮಾತ್ರ ಲಿಸ್ಟ್‌ಗೆ ಸೇರುತ್ತಾರೆ. ಲಿಸ್ಟ್ ಚಿಕ್ಕದು, ದೂರು ಇಲ್ಲ. ಬೇರೆ ದಾರಿಯೇ ಇಲ್ಲ, ಫೈಲ್ ಸಾಗಿಸಲೇಬೇಕು ಅನ್ನುವವರು ಯಾವ ಸೈಟ್‌ಗೂ ಅಪ್‌ಲೋಡ್ ಮಾಡಬೇಡಿ. ಥಂಡರ್‌ಬರ್ಡ್ ಅಂತ ಒಂದು ಉಚಿತ ಮೇಲ್ ಪ್ರೋಗ್ರಾಂ ಇದೆ. ಅದರ ಅಡ್ರೆಸ್ ಬುಕ್‌ಗೆ ವಿಸಿಎಫ್ ಇಂಪೋರ್ಟ್ ಮಾಡಿ ಸಿಎಸ್‌ವಿಯಾಗಿ ತೆಗೆಯಬಹುದು, ನಿಮ್ಮ ಕಂಪ್ಯೂಟರ್‌ನಿಂದ ಏನೂ ಆಚೆ ಹೋಗುವುದಿಲ್ಲ. ಆ ಸಿಎಸ್‌ವಿಯನ್ನು ಎಕ್ಸೆಲ್ ಬದಲು ಲಿಬ್ರೆಆಫೀಸ್‌ನಲ್ಲಿ, ಅಕ್ಷರದ ನಮೂನೆ ಯುಟಿಎಫ್-8 ಅಂತ ಆರಿಸಿ ತೆರೆದರೆ ಕನ್ನಡವೂ ಕೆಡುವುದಿಲ್ಲ. ಹೆಸರು, ಇಮೇಲ್ ಎರಡು ಕಾಲಂ ಬಿಟ್ಟು ಮಿಕ್ಕಿದ್ದೆಲ್ಲ ಅಳಿಸಿ. ಒಪ್ಪಿಗೆಯ ಫಾರಂ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ನೋಡಿ. ಬೇಜಾರಿನ ಕೆಲಸ ಹೌದು, ಆದರೆ ಇದನ್ನು ಹೊರಗಿನವರ ಕೈಗೆ ಕೊಡಬೇಡಿ. ಕೆಲಸ ಮುಗಿದ ಮೇಲೆ ಡೌನ್‌ಲೋಡ್ಸ್ ಫೋಲ್ಡರ್, ಟ್ರ್ಯಾಶ್ ಎರಡನ್ನೂ ಖಾಲಿ ಮಾಡಿ. ಆ ಫೋಲ್ಡರ್ ಕ್ಲೌಡ್‌ಗೆ ಸಿಂಕ್ ಆಗುತ್ತಿದೆಯಾ ಅಂತಲೂ ನೋಡಿ.

ಏಜೆನ್ಸಿಯಿಂದ ಕೊನೆಗೆ ಬಂದಿದ್ದು ಬಿಲ್. ಅದರಲ್ಲಿ "ಡೇಟಾ ಕ್ಲೀನಿಂಗ್" ಅಂತ ಬೇರೆಯೇ ಒಂದು ಸಾಲು, ಅದಕ್ಕೆ ಶೇ 18 ಜಿಎಸ್‌ಟಿ. ಫೈಲನ್ನು ಎಲ್ಲೆಲ್ಲಿಂದ ಅಳಿಸಿದ್ದೀರಿ ಅಂತ ಲೆಟರ್‌ಹೆಡ್‌ನಲ್ಲಿ ಬರೆದು ಸಹಿ ಹಾಕಿ ಕೊಡಿ, ಆಮೇಲೆ ದುಡ್ಡಿನ ಮಾತು ಅಂತ ಮೇಡಂ ಉತ್ತರ ಬರೆಸಿದರು. ಆ ಲೆಟರ್ ಇನ್ನೂ ಬಂದಿಲ್ಲ. ಬಿಲ್ ನನ್ನ ಡ್ರಾದಲ್ಲೇ ಇದೆ.